ಬೆಳಗ್ಗೆ ಬೆಟ್ಟ, ಸಂಜೆ ನಾಟಕ: ಕಲೆ ಮತ್ತು ಹೊರಾಂಗಣದ ಬಲದಿಂದ ನಗರಕ್ಕೆ ಪ್ರವಾಸಿಗರನ್ನು ಕರೆತರುವ ಸಮಗ್ರ ಮಾರ್ಗದರ್ಶಿ

ಚಾರಣಕ್ಕೆಂದು ಬಂದವರು ಬೆಳಗ್ಗೆ ಆರಕ್ಕೆ ಊರು ಮುಟ್ಟಿ ಮಧ್ಯಾಹ್ನ ಮೂರಕ್ಕೆ ವಾಪಸ್ ಗಾಡಿ ಹತ್ತುತ್ತಾರೆ. ಮ್ಯೂಸಿಯಂ ನೋಡಲು ಬಂದವರು ಹನ್ನೊಂದಕ್ಕೆ ಇಳಿದು, ಬಾಗಿಲು ಮುಚ್ಚುವ ಹೊತ್ತಿಗೆ ಹೊರಟುಬಿಡುತ್ತಾರೆ. ಇಬ್ಬರೂ ರಾತ್ರಿ ಉಳಿಯುವುದಿಲ್ಲ. ನಗರದ ಕೈಗೆ ನಾಲ್ಕು ಕಾಸು ಹತ್ತುವುದು ರಾತ್ರಿ ತಂಗುವವರಿಂದ: ಕೋಣೆ, ಎರಡು ಹೊತ್ತಿನ ಊಟ, ಸಂಜೆಯ ಟಿಕೆಟ್, ಮರುದಿನದ ಬಾಡಿಗೆ ಸೈಕಲ್ಲು ಎಲ್ಲವೂ ಆ ಒಂದು ರಾತ್ರಿಗೆ ಜೋತುಬಿದ್ದಿವೆ. ಹೊರಾಂಗಣ ಬೆಳಗನ್ನು ತುಂಬುತ್ತದೆ. ಕಲೆ ಸಂಜೆಯನ್ನೂ ಮಳೆ ಸುರಿವ ದಿನವನ್ನೂ ತುಂಬುತ್ತದೆ. ಇವೆರಡನ್ನೂ ಬೇರೆ ಬೇರೆ ಇಲಾಖೆಗಳು ಬೇರೆ ಬೇರೆ ಕರಪತ್ರಗಳಲ್ಲಿ ಪ್ರಚಾರ ಮಾಡುತ್ತಿದ್ದರೆ ಆ ರಾತ್ರಿ ಕೈತಪ್ಪುತ್ತದೆ. ಹಾಗಾಗಿ ಇಲ್ಲಿ ಮಾರಾಟದ ಸರಕು ಎಂದರೆ ಬೆಳಗಿನಿಂದ ರಾತ್ರಿಯವರೆಗೆ ಹೊಂದಿಸಿಟ್ಟ ಒಂದು ದಿನ. ಮುಂದಿನ ಹೆಜ್ಜೆಗಳೆಲ್ಲ ಆ ದಿನವನ್ನು ಕಟ್ಟುವುದಕ್ಕೇ.

ಹೆಜ್ಜೆ 1: ಇರುವುದರ ಪಟ್ಟಿ, ಗಡಿಯಾರ ಹಿಡಿದು

ಪಟ್ಟಿಯನ್ನು ಕಚೇರಿಯಲ್ಲಿ ಕೂತು ಮಾಡಬೇಡಿ. ಇಬ್ಬರು ಹೋಗಿ, ಪ್ರತಿ ಹಾದಿಯನ್ನೂ ನಡೆದು, ಪ್ರತಿ ಗ್ಯಾಲರಿಯನ್ನೂ ಒಳಹೊಕ್ಕು ನೋಡಬೇಕು. ಪ್ರತಿ ಸ್ಥಳಕ್ಕೂ ಬರೆದುಕೊಳ್ಳಬೇಕಾದದ್ದು ಇಷ್ಟು: ವಾರದ ಯಾವ ದಿನ ತೆರೆದಿರುತ್ತದೆ, ಯಾವ ತಿಂಗಳು ಚೆನ್ನ, ಸಾಮಾನ್ಯ ಸಂದರ್ಶಕ ಅಲ್ಲಿ ಎಷ್ಟು ನಿಮಿಷ ಕಳೆಯುತ್ತಾನೆ, ಗಂಟೆಗೆ ಎಷ್ಟು ಜನ ಹಿಡಿಸುತ್ತಾರೆ, ಶೌಚಾಲಯ ಎಷ್ಟು ದೂರ, ಕುಡಿಯುವ ನೀರು ಇದೆಯೇ, ಬಸ್ಸಿನಿಂದ ನಡೆದರೆ ಎಷ್ಟು ಹೊತ್ತು, ಗಾಲಿಕುರ್ಚಿ ಹೋಗುತ್ತದೆಯೇ, ಮೊಬೈಲ್ ಸಿಗ್ನಲ್ ಸಿಗುತ್ತದೆಯೇ, ಜಾಗ ಯಾರದು, ಅನುಮತಿ ಯಾರ ಕೈಯಲ್ಲಿದೆ. ಕೊನೆಯ ಎರಡು ಅಂಕಣಗಳನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಖಾಸಗಿ ಜಮೀನಿನ ಮೂಲಕ ಹಾದುಹೋಗುವ ಹಾದಿಯನ್ನು ಪ್ರಚಾರ ಮಾಡಿ, ಜನ ಬರತೊಡಗಿದ ಮೇಲೆ ಮಾಲೀಕರು ಬೇಲಿ ಹಾಕಿದರೆ ಅಚ್ಚಾದ ನಕಾಶೆಗಳೆಲ್ಲ ರದ್ದಿಗೆ.

ಪಟ್ಟಿ ಮುಗಿದ ಮೇಲೆ ಪ್ರತಿಯೊಂದಕ್ಕೂ ಮೂರರಲ್ಲಿ ಒಂದು ಗುರುತು ಹಾಕಿ. ಇದಕ್ಕೋಸ್ಕರವೇ ಯಾರಾದರೂ ಮೂರು ಗಂಟೆ ಪ್ರಯಾಣ ಮಾಡಿ ಬರುತ್ತಾರೆಯೇ? ಹಾಗಿದ್ದರೆ ಅದು ಬರಲು ಕಾರಣ. ಬಂದವರನ್ನು ಇನ್ನೂ ಮೂರು ಗಂಟೆ ಹಿಡಿದಿಡುತ್ತದೆಯೇ? ಅದು ಉಳಿಯಲು ಕಾರಣ. ಉಳಿದದ್ದು ದಾರಿಯಲ್ಲಿ ಸಿಕ್ಕಿದರೆ ಸಂತೋಷ ಕೊಡುವಂಥದ್ದು. ಪ್ರಾಮಾಣಿಕವಾಗಿ ನೋಡಿದರೆ ಮಧ್ಯಮ ಗಾತ್ರದ ನಗರದಲ್ಲಿ ಮೊದಲ ಗುಂಪಿಗೆ ಎರಡೋ ಮೂರೋ ಬೀಳುತ್ತವೆ. ಹದಿನೈದು ಬಿದ್ದಿದ್ದರೆ ಪಟ್ಟಿ ಮಾಡಿದವರು ಯಾರಿಗೂ ಬೇಸರ ಮಾಡಬಾರದೆಂದು ಹೊರಟಿದ್ದಾರೆ ಎಂದರ್ಥ. ಎಲ್ಲರ ಹೆಸರನ್ನೂ ಒಂದೇ ಗಾತ್ರದ ಅಕ್ಷರದಲ್ಲಿ ಹಾಕಿದ ಕರಪತ್ರ ಓದುಗನಿಗೆ ಏನನ್ನೂ ಹೇಳುವುದಿಲ್ಲ.

ಹೆಜ್ಜೆ 2: ಯಾರನ್ನು ಕರೆಯುವುದು

ಇದನ್ನು ದೊಡ್ಡದು ಮಾಡುವ ಅಗತ್ಯವಿಲ್ಲ. ನಿಮ್ಮ ನಗರವನ್ನು ಕೇಂದ್ರವಾಗಿಟ್ಟು ಮೂರು ಗಂಟೆಯ ಪ್ರಯಾಣದ ವೃತ್ತ ಎಳೆಯಿರಿ. ವಾರಾಂತ್ಯಕ್ಕೆ ಬರುವವರು ಬಹುಪಾಲು ಅದರೊಳಗಿನವರೇ. ಮೊದಲ ಎರಡು ವರ್ಷ ಹಣ ಅಲ್ಲೇ ಸುರಿಯಿರಿ. ದೂರದೇಶದ ಮೇಳಗಳಲ್ಲಿ ಮಳಿಗೆ ಹಾಕುವುದು ನೋಡಲು ಚೆಂದ. ಆದರೆ ಅಲ್ಲಿ ಖರ್ಚಾದ ಹಣಕ್ಕೆ ಎಷ್ಟು ಕೋಣೆ ತುಂಬಿದವು ಎಂದು ಲೆಕ್ಕ ಕೊಡುವುದು ಕಷ್ಟ.

ಹೆಜ್ಜೆ 3: ದಿನವನ್ನು ಕಟ್ಟುವುದು

ಇದೇ ಇಡೀ ಕೆಲಸದ ತಿರುಳು. ಮೊದಲು ಕಾಲ. ಕಾಲ್ನಡಿಗೆಯ ಹಾದಿಗೆ ಎಷ್ಟು ಹೊತ್ತು ಬೇಕು ಎಂಬುದಕ್ಕೆ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಹಾಕಿಕೊಟ್ಟ ಸೂತ್ರ ಈಗಲೂ ಕೆಲಸಕ್ಕೆ ಬರುತ್ತದೆ: 5 ಕಿಲೋಮೀಟರಿಗೆ ಒಂದು ಗಂಟೆ, ಜೊತೆಗೆ ಏರುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. 8 ಕಿಲೋಮೀಟರ್ ಉದ್ದ, 300 ಮೀಟರ್ ಏರಿಕೆಯ ಹಾದಿಗೆ 96 ನಿಮಿಷಕ್ಕೆ 30 ಸೇರಿಸಿ, ಎರಡು ಗಂಟೆ ಆರು ನಿಮಿಷ. ಆದರೆ ಇದು ನಿಲ್ಲದೆ ನಡೆಯುವ ಗಟ್ಟಿಗರ ಲೆಕ್ಕ. ಮಕ್ಕಳು, ಫೋಟೊ, ವಿಶ್ರಾಂತಿ ಸೇರಿದರೆ ಒಂದೂವರೆ ಪಟ್ಟು ಹಿಡಿಯಿರಿ: ಮೂರು ಗಂಟೆಯ ಮೇಲೆ. ಕರಪತ್ರದಲ್ಲಿ ಎರಡು ಗಂಟೆ ಎಂದು ಅಚ್ಚು ಹಾಕಿ, ಮಧ್ಯಾಹ್ನದ ಮ್ಯೂಸಿಯಂ ಪ್ರವಾಸಕ್ಕೆ ಟಿಕೆಟ್ ಕೊಟ್ಟರೆ ಜನ ಬೆವರು ಸುರಿಸುತ್ತಾ ತಡವಾಗಿ ಬರುತ್ತಾರೆ, ಇಲ್ಲವೇ ಬರುವುದೇ ಇಲ್ಲ.

ಒಂದು ಮಾದರಿ ದಿನ ಹೀಗಿರಬಹುದು. ಬೆಳಗ್ಗೆ ಆರೂವರೆಯಿಂದ ಹತ್ತರವರೆಗೆ ಹಾದಿ. ಹತ್ತರಿಂದ ಹನ್ನೊಂದೂವರೆ ತಿಂಡಿ, ಸ್ನಾನ. ಇಲ್ಲೊಂದು ಸಣ್ಣ ಸಂಗತಿ: ಕೋಣೆ ಹನ್ನೆರಡಕ್ಕೋ ಎರಡಕ್ಕೋ ಸಿಗುವ ಊರಲ್ಲಿ ಬೆವತ ಮೈಯಲ್ಲಿ ಗ್ಯಾಲರಿಗೆ ಹೋಗಲು ಜನ ಹಿಂಜರಿಯುತ್ತಾರೆ. ಹಾದಿಯ ಬುಡದಲ್ಲಿ ಸಾರ್ವಜನಿಕ ಸ್ನಾನಗೃಹವನ್ನೂ ಬೀಗ ಹಾಕುವ ಕಪಾಟುಗಳನ್ನೂ ಒದಗಿಸಿದರೆ ಹತ್ತು ಜಾಹೀರಾತು ಮಾಡದ ಕೆಲಸವನ್ನು ಅವು ಮಾಡುತ್ತವೆ. ಬಿಸಿಲೇರಿದ ಹನ್ನೆರಡರಿಂದ ಮೂರರವರೆಗೆ ಒಳಾಂಗಣದ ಕಲೆ. ಮೂರರಿಂದ ಐದು ಬಿಡುವು. ಇದನ್ನು ತುಂಬಿಸಲು ಹೋಗಬೇಡಿ. ಐದೂವರೆಗೆ ಭಿತ್ತಿಚಿತ್ರ ಅಥವಾ ಶಿಲ್ಪಗಳ ನಡಿಗೆ, ಏಳೂವರೆಗೆ ನಾಟಕ ಅಥವಾ ಸಂಗೀತ. ಪ್ರದರ್ಶನ ಮುಗಿಯುವ ಹೊತ್ತಿಗೆ ಕೊನೆಯ ಬಸ್ಸು ಹೊರಟುಹೋಗಿರಬಾರದು. ಬಸ್ಸಿನ ವೇಳೆಯನ್ನು ಅರ್ಧ ಗಂಟೆ ಮುಂದೂಡಿಸಲು ಸಾರಿಗೆ ಇಲಾಖೆಗೆ ಓಡಾಡುವುದು ಪ್ರಚಾರದವರ ಕೆಲಸವೇ.

ಇಂಥ ನಾಲ್ಕು ದಿನಗಳನ್ನು ಸಿದ್ಧಮಾಡಿ: ಮಕ್ಕಳಿರುವ ಕುಟುಂಬಕ್ಕೆ, ಗಟ್ಟಿ ಚಾರಣಿಗರಿಗೆ, ಕಲೆಯೇ ಮುಖ್ಯವಾದವರಿಗೆ, ಮತ್ತೊಂದು ಮಳೆಗೆ. ಮಳೆಯ ದಿನದ ಯೋಜನೆ ಇಲ್ಲದ ನಗರ ಹವಾಮಾನ ಮುನ್ಸೂಚನೆ ಬಂದೊಡನೆ ಬುಕಿಂಗ್ ಕಳೆದುಕೊಳ್ಳುತ್ತದೆ. ಬಹಳಷ್ಟು ಮ್ಯೂಸಿಯಂಗಳಿಗೆ ಸೋಮವಾರ ರಜೆ ಎಂಬುದನ್ನೂ ನೆನಪಿಡಿ. ಶನಿವಾರ ಬಂದವರು ಎರಡನೇ ರಾತ್ರಿ ಉಳಿಯದಿರಲು ಅದೂ ಒಂದು ಕಾರಣ. ನಾಲ್ಕು ಸಂಸ್ಥೆಗಳಿದ್ದರೆ ರಜೆಯನ್ನು ಬೇರೆ ಬೇರೆ ದಿನಕ್ಕೆ ಹಂಚಿಕೊಳ್ಳುವಂತೆ ಮಾತಾಡಿ.

ಕಲೆ ಮತ್ತು ಹೊರಾಂಗಣ ಒಂದಕ್ಕೊಂದು ಹೆಣೆದುಕೊಂಡರೆ ಇನ್ನೂ ಒಳ್ಳೆಯದು. ಜರ್ಮನಿಯ ಮ್ಯೂನ್‌ಸ್ಟರ್‌ನಲ್ಲಿ 1977ರಿಂದ ಹತ್ತು ವರ್ಷಕ್ಕೊಮ್ಮೆ ನಡೆಯುವ ಶಿಲ್ಪ ಪ್ರದರ್ಶನದಲ್ಲಿ ಕೃತಿಗಳು ಊರ ತುಂಬ ಚೆಲ್ಲಿರುತ್ತವೆ. ಜನ ಸೈಕಲ್ಲಿನಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗುತ್ತಾರೆ. ಪ್ರತಿ ಸಲವೂ ಕೆಲವು ಕೃತಿಗಳು ಅಲ್ಲೇ ಉಳಿದುಕೊಂಡಿದ್ದರಿಂದ ನಡುವಿನ ಒಂಬತ್ತು ವರ್ಷವೂ ಸುತ್ತಲು ಹಾದಿಯಿದೆ. ಅಮೆರಿಕದ ಚಟ್ಟನೂಗದಲ್ಲಿ 1978ರಲ್ಲಿ ವಾಹನಗಳಿಗೆ ಮುಚ್ಚಿದ್ದ ಹಳೆಯ ವಾಲ್ನಟ್ ಸ್ಟ್ರೀಟ್ ಸೇತುವೆಯನ್ನು ಕೆಡವದೆ 1993ರಲ್ಲಿ ಪಾದಚಾರಿಗಳಿಗೆಂದೇ ತೆರೆದರು. ಒಂದು ದಡದಲ್ಲಿ ಕಲಾ ಮ್ಯೂಸಿಯಂ, ಅಕ್ವೇರಿಯಂ. ಇನ್ನೊಂದು ದಡದಲ್ಲಿ ಉದ್ಯಾನ. ನಡುವಿನ ನಡಿಗೆಯೇ ಆಕರ್ಷಣೆ.

ಹೆಜ್ಜೆ 4: ನೆಲದ ಮೇಲಿನ ಕೆಲಸ, ಪ್ರಚಾರಕ್ಕಿಂತ ಮೊದಲು

ಸ್ಪೇನಿನ ಬಿಲ್ಬಾವ್ ಎಂದೊಡನೆ ಎಲ್ಲರಿಗೂ 1997ರಲ್ಲಿ ತೆರೆದ, ಫ್ರಾಂಕ್ ಗೆರಿ ವಿನ್ಯಾಸದ ಗುಗೆನ್‌ಹೈಮ್ ಮ್ಯೂಸಿಯಂ ನೆನಪಾಗುತ್ತದೆ. ಒಂದು ಬೆರಗಿನ ಕಟ್ಟಡ ಕಟ್ಟಿದರೆ ಊರು ಎದ್ದುನಿಲ್ಲುತ್ತದೆ ಎಂದು ಅದನ್ನು ನೋಡಿ ಎಷ್ಟೋ ನಗರಗಳು ಕೈಸುಟ್ಟುಕೊಂಡವು. ಆ ಮ್ಯೂಸಿಯಂ ತೆರೆಯುವ ಮೊದಲೇ, 1995ರಲ್ಲಿ, ಅಲ್ಲಿ ಮೆಟ್ರೊ ಓಡತೊಡಗಿತ್ತು. ಕೊಳೆತು ನಾರುತ್ತಿದ್ದ ನದಿಯನ್ನು ಶುಚಿಮಾಡುವ ಕೆಲಸ ವರ್ಷಗಳಿಂದ ನಡೆದಿತ್ತು. ದಂಡೆಯನ್ನು ನಡೆದಾಡಲು ಬಿಡಿಸಿಕೊಳ್ಳುವ ಕೆಲಸವೂ ಅದರ ಜೊತೆಗೇ ಸಾಗಿತು. ಮೊದಲ ವರ್ಷ ನಿಮ್ಮ ಹಣದ ಅರ್ಧಕ್ಕಿಂತ ಹೆಚ್ಚು ಫಲಕ, ಶೌಚಾಲಯ, ನೀರು, ನೆರಳು, ಬೆಳಕಿಗೇ ಹೋಗಲಿ.

ಹಾದಿಯ ಬಾಯಿಯಲ್ಲಿ ಒಂದು ಫಲಕ ಕಡ್ಡಾಯ. ಅದರಲ್ಲಿ ಹೆಸರು, ಉದ್ದ, ಒಟ್ಟು ಏರಿಕೆ ಮೀಟರುಗಳಲ್ಲಿ, ಬೇಕಾಗುವ ಸಮಯ, ನೆಲ ಎಂಥದ್ದು (ಕಲ್ಲು, ಮಣ್ಣು, ಮೆಟ್ಟಿಲು), ಅತಿ ಕಡಿದಾದ ಜಾಗ ಎಲ್ಲಿ, ನೀರು ಎಲ್ಲಿ, ತುರ್ತು ಕರೆಗೆ ಸಂಖ್ಯೆ, ಮತ್ತು ಆ ಜಾಗದ ಗುರುತು ಸಂಖ್ಯೆ. ದಾರಿ ತಪ್ಪಿದವರು ಫೋನಿನಲ್ಲಿ ದೊಡ್ಡ ಬಂಡೆಯ ಹತ್ತಿರ ಇದ್ದೇವೆ ಎಂದರೆ ಯಾರಿಗೂ ಪ್ರಯೋಜನವಿಲ್ಲ. ಹಾದಿಯುದ್ದಕ್ಕೂ ಸಂಖ್ಯೆ ಬರೆದ ಕಂಬಗಳಿದ್ದರೆ ರಕ್ಷಣೆಗೆ ಹೋಗುವವರ ಗಂಟೆಗಳು ಉಳಿಯುತ್ತವೆ. ಕಷ್ಟದ ಮಟ್ಟವನ್ನು ಬಣ್ಣದಲ್ಲಿ ಮಾತ್ರ ಹೇಳಬೇಡಿ. ಉತ್ತರ ಅಮೆರಿಕದ ಸ್ಕೀ ಇಳಿಜಾರುಗಳಲ್ಲಿ ನೀಲಿ ಎಂದರೆ ಮಧ್ಯಮ, ಯುರೋಪಿನಲ್ಲಿ ನೀಲಿ ಎಂದರೆ ಸುಲಭ. ಬಣ್ಣದ ಪಕ್ಕದಲ್ಲಿ ಮಾತಿನಲ್ಲೂ ಬರೆಯಿರಿ: ‘ಕೈಯೂರಿ ಹತ್ತಬೇಕಾದ ಎರಡು ಕಡೆ ಇವೆ’.

ಊರೊಳಗಿನ ನಕಾಶೆಗೆ ಲಂಡನ್ನಿನ ಕಾಲ್ನಡಿಗೆ ಫಲಕಗಳು ಒಳ್ಳೆಯ ಮಾದರಿ. ಅವುಗಳಲ್ಲಿ ಉತ್ತರ ದಿಕ್ಕು ಮೇಲಿರುವುದಿಲ್ಲ. ನೀವು ಯಾವ ಕಡೆ ಮುಖಮಾಡಿ ನಿಂತಿದ್ದೀರೋ ಆ ದಿಕ್ಕು ಮೇಲಿರುತ್ತದೆ. ದೂರದ ಜೊತೆಗೆ 5 ಮತ್ತು 15 ನಿಮಿಷದ ನಡಿಗೆಯ ವೃತ್ತಗಳೂ ಇರುತ್ತವೆ. ಇದಕ್ಕಿಂತ ಅಗ್ಗದ ಉಪಾಯ ಜಪಾನಿನ ಶಿಮಾನಾಮಿ ಕೈಡೊ ಸೈಕಲ್ ಹಾದಿಯದು. ದ್ವೀಪದಿಂದ ದ್ವೀಪಕ್ಕೆ ಸೇತುವೆಗಳ ಮೇಲೆ ಸುಮಾರು 70 ಕಿಲೋಮೀಟರ್ ಸಾಗುವ ಆ ದಾರಿಯ ಅಂಚಿನಲ್ಲಿ ಒಂದು ನೀಲಿ ಗೆರೆ ಎಳೆದಿದ್ದಾರೆ. ನಕಾಶೆ ಓದಲು ಬಾರದವನೂ ಗೆರೆ ಹಿಡಿದು ಹೋಗಬಹುದು. ನಿಮ್ಮ ಊರಲ್ಲಿ ಬೆಟ್ಟದ ಬುಡದಿಂದ ಕಲಾಮಂದಿರದವರೆಗೆ ಇಂಥದೊಂದು ಗೆರೆ ಎಳೆಯಲು ಬೇಕಾದದ್ದು ಬಣ್ಣ ಮತ್ತು ಪಾಲಿಕೆಯ ಒಪ್ಪಿಗೆ.

ಹೆಜ್ಜೆ 5: ಕಲಾವಿದರ ಜೊತೆ ವ್ಯವಹಾರ

ಕಲಾವಿದರಿಗೆ ಪ್ರಚಾರ ಸಿಗುತ್ತದಲ್ಲ ಎಂದು ಸಂಭಾವನೆ ಕೊಡದ ಯೋಜನೆ ಎರಡನೇ ವರ್ಷಕ್ಕೆ ನಿಲ್ಲುತ್ತದೆ. ಸಂಭಾವನೆ ಒಂದು ಕಡೆ, ಬಣ್ಣ, ಅಟ್ಟಣಿಗೆ, ವಿಮೆ ಇನ್ನೊಂದು ಕಡೆ ಇಟ್ಟು ಲೆಕ್ಕ ಮಾಡಿ; ಎರಡನ್ನೂ ಒಂದೇ ಮೊತ್ತದಲ್ಲಿ ಕೊಟ್ಟರೆ ಕಲಾವಿದರ ಪಾಲು ಅಟ್ಟಣಿಗೆಯ ಬಾಡಿಗೆಗೆ ಹೋಗುತ್ತದೆ.

ಭಿತ್ತಿಚಿತ್ರ ಹಾಳಾಗುವುದು ಬಹುಪಾಲು ಬಣ್ಣದಿಂದಲ್ಲ, ಗೋಡೆಯಿಂದ. ಗೋಡೆಯೊಳಗಿನ ತೇವ ಲವಣವನ್ನು ಹೊರದೂಡಿ ಬಣ್ಣದ ಪದರವನ್ನು ಎಬ್ಬಿಸುತ್ತದೆ. ಪರೀಕ್ಷೆ ಸುಲಭ: ಅರ್ಧ ಮೀಟರ್ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಾಕಿ ಗೋಡೆಗೆ ಅಂಟಿಸಿ, ಒಂದು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ನೀರಹನಿ ಕಂಡರೆ ಆ ಗೋಡೆ ಬೇಡ, ಅಥವಾ ಮೊದಲು ತೇವದ ಮೂಲ ಸರಿಪಡಿಸಿ. ಹೊಸ ಸಿಮೆಂಟ್ ಗಾರೆಗೆ ಕನಿಷ್ಠ 28 ದಿನ ಆರಲು ಬಿಡಿ, ಕ್ಷಾರ ತಡೆಯುವ ಪ್ರೈಮರ್ ಹಾಕಿ. ನೆಲದಿಂದ ಒಂದು ಮೀಟರಿನವರೆಗೆ ಮಳೆನೀರಿನ ಕೆಸರು ಸಿಡಿಯುತ್ತದೆ. ಮುಖ, ಅಕ್ಷರ ಮುಂತಾದ ಸೂಕ್ಷ್ಮ ಭಾಗಗಳು ಅದಕ್ಕಿಂತ ಮೇಲಿರುವಂತೆ ವಿನ್ಯಾಸ ಮಾಡಿಸಿ.

ಒಪ್ಪಂದ ಬರಹದಲ್ಲಿರಲಿ. ಚಿತ್ರದ ಫೋಟೊವನ್ನು ಪೋಸ್ಟರಿನಲ್ಲಿ, ವೆಬ್‌ಸೈಟಿನಲ್ಲಿ, ಮಾರಾಟದ ವಸ್ತುಗಳ ಮೇಲೆ ಬಳಸಬಹುದೇ, ಎಷ್ಟು ವರ್ಷ, ಕಲಾವಿದರ ಹೆಸರು ಎಲ್ಲೆಲ್ಲಿ ಬರಬೇಕು, ದುರಸ್ತಿ ಯಾರದು, ಗೋಡೆ ಕೆಡವಬೇಕಾದರೆ ಎಷ್ಟು ದಿನ ಮೊದಲು ತಿಳಿಸಬೇಕು. ಗೋಡೆ ಊರಿನದಾದರೂ ಚಿತ್ರದ ಹಕ್ಕು ಊರಿನದಾಗಿರಬೇಕೆಂದಿಲ್ಲ. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಫೈವ್ ಪಾಯಿಂಟ್ಸ್ ಎಂದು ಹೆಸರಾಗಿದ್ದ ಕಟ್ಟಡದ ಗೀಚುಚಿತ್ರಗಳ ಮೇಲೆ 2013ರಲ್ಲಿ ರಾತ್ರೋರಾತ್ರಿ ಸುಣ್ಣ ಬಳಿಸಲಾಯಿತು. 2018ರಲ್ಲಿ ನ್ಯಾಯಾಲಯ 21 ಕಲಾವಿದರಿಗೆ 67.5 ಲಕ್ಷ ಡಾಲರ್ ಪರಿಹಾರ ಕೊಡಿಸಿತು.

ಹೆಜ್ಜೆ 6: ಮಾತು, ಚಿತ್ರ, ಕಡೆಗೆ ಲೋಗೊ

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬಂತೆ ಮೊದಲ ಸಭೆಯಲ್ಲೇ ಲೋಗೊ, ಘೋಷವಾಕ್ಯದ ಚರ್ಚೆ ಶುರುವಾಗುತ್ತದೆ. ಎಲ್ಲರೂ ಉದಾಹರಿಸುವ, ವಿನ್ಯಾಸಕಾರ ಮಿಲ್ಟನ್ ಗ್ಲೇಸರ್ ಮಾಡಿಕೊಟ್ಟ ನ್ಯೂಯಾರ್ಕಿನ ಕೆಂಪು ಹೃದಯದ ಗುರುತು ಬಳಕೆಗೆ ಬಂದದ್ದು 1977ರಲ್ಲಿ. ಅದರ ಬೆನ್ನಿಗೇ ಬ್ರಾಡ್‌ವೇ ನಾಟಕಗಳ ನಟರೇ ಹಾಡಿ ಕುಣಿದ ಟಿವಿ ಜಾಹೀರಾತುಗಳು ಬಂದವು. ಅಂದರೆ ಗುರುತಿನ ಹಿಂದೆ ಕೊಳ್ಳಬಹುದಾದ ಒಂದು ಸಂಜೆ ಸಿದ್ಧವಿತ್ತು.

‘ಪ್ರಕೃತಿಯ ಮಡಿಲು, ಸಂಸ್ಕೃತಿಯ ತವರು’ ಎಂಬ ಸಾಲಿನಲ್ಲಿ ಯಾವ ಊರಿನ ಹೆಸರನ್ನಾದರೂ ಕೂರಿಸಬಹುದು. ಪರೀಕ್ಷೆ ಅದೇ: ನಿಮ್ಮ ವಾಕ್ಯದಲ್ಲಿ ಪಕ್ಕದ ನಗರದ ಹೆಸರು ಹಾಕಿ ಓದಿ, ಸರಿಹೊಂದಿದರೆ ಹರಿದುಹಾಕಿ. ‘ಬಸ್ ನಿಲ್ದಾಣದಿಂದ 20 ನಿಮಿಷ ನಡೆದರೆ ಕೆರೆ, ಕೆರೆಯಿಂದ 10 ನಿಮಿಷಕ್ಕೆ ರಂಗಮಂದಿರ’ ಎಂಬ ಒಣ ವಾಕ್ಯವೇ ಟಿಕೆಟ್ ಮಾರುತ್ತದೆ.

ಫೋಟೊಗಳನ್ನು ಒಂದೇ ಋತುವಿನಲ್ಲಿ ತೆಗೆಸಿ ಮುಗಿಸಬೇಡಿ. ಆಯ್ದ ಹತ್ತು ಜಾಗಗಳಲ್ಲಿ, ಅದೇ ಕೋನದಿಂದ, ನಾಲ್ಕು ಬಾರಿ ತೆಗೆಸಿ. ಪ್ರತಿ ಫೋಟೊದ ಕೆಳಗೆ ತಿಂಗಳು ಬರೆಯಿರಿ. ಮೂರು ತಿಂಗಳು ಮಾತ್ರ ಧುಮ್ಮಿಕ್ಕುವ ಜಲಪಾತದ ಚಿತ್ರವನ್ನು ವರ್ಷವಿಡೀ ತೋರಿಸಿದರೆ, ಒಣ ಬಂಡೆ ನೋಡಿ ಹೋದವನ ಒಂದು ಕಟು ವಿಮರ್ಶೆ ನಿಮ್ಮ ಇಡೀ ವರ್ಷದ ಖರ್ಚನ್ನು ನುಂಗುತ್ತದೆ. ಡ್ರೋನ್ ಚಿತ್ರ ಒಂದೆರಡು ಸಾಕು. ಅಷ್ಟು ಎತ್ತರದಿಂದ ಯಾವ ಪ್ರವಾಸಿಯೂ ಊರನ್ನು ನೋಡುವುದಿಲ್ಲ.

ಹೆಜ್ಜೆ 7: ಜನರ ಕೈಗೆ ತಲುಪಿಸುವುದು

ದುಡ್ಡು ಕೊಟ್ಟು ಜಾಹೀರಾತು ಹಾಕುವ ಮೊದಲು ದುಡ್ಡಿಲ್ಲದ ಕೆಲಸಗಳನ್ನು ಮುಗಿಸಿ. ಗೂಗಲ್ ಮ್ಯಾಪಿನಲ್ಲಿ ಪ್ರತಿ ಸ್ಥಳದ ವೇಳೆ, ರಜಾದಿನ, ಪ್ರವೇಶದ್ವಾರ ಸರಿಯಾಗಿವೆಯೇ ನೋಡಿ. ತಿಂಗಳಿಗೊಮ್ಮೆ ಮತ್ತೆ ನೋಡಿ. ಯಾರು ಬೇಕಾದರೂ ತಿದ್ದಬಹುದಾದ ಉಚಿತ ನಕಾಶೆ ಓಪನ್‌ಸ್ಟ್ರೀಟ್‌ಮ್ಯಾಪಿಗೆ ಹಾದಿಗಳನ್ನು ಸೇರಿಸಿ, ಏಕೆಂದರೆ ಚಾರಣದ ಬಹಳಷ್ಟು ಆ್ಯಪ್‌ಗಳು ನಕಾಶೆಯನ್ನು ಅಲ್ಲಿಂದಲೇ ಎತ್ತಿಕೊಳ್ಳುತ್ತವೆ. ಪ್ರತಿ ಹಾದಿಯ ಜಿಪಿಎಕ್ಸ್ ಫೈಲನ್ನು (ಫೋನಿನ ನಕಾಶೆಯಲ್ಲಿ ಹಾದಿಯ ಗೆರೆ ತೋರಿಸುವ ಫೈಲು) ವೆಬ್‌ಸೈಟಿನಲ್ಲಿ ಇಳಿಸಿಕೊಳ್ಳಲು ಇಡಿ. ಕ್ಯೂಆರ್ ಕೋಡನ್ನು ಸಿಗ್ನಲ್ ಇಲ್ಲದ ಬೆಟ್ಟದ ತುದಿಯಲ್ಲಿ ಅಂಟಿಸುವುದು ಎಲ್ಲೆಡೆ ಕಾಣುವ ತಪ್ಪು. ಅದು ಬುಡದಲ್ಲೂ ಹೋಟೆಲಿನಲ್ಲೂ ಇರಬೇಕು. ಪ್ರತಿ ಜಾಗಕ್ಕೂ ಬೇರೆ ಕೋಡ್ ಇದ್ದರೆ ಜನ ಎಲ್ಲಿಂದ ಬಂದರೆಂದು ತಿಳಿಯುತ್ತದೆ.

ಹೋಟೆಲಿನ ಸ್ವಾಗತ ಮೇಜಿನಲ್ಲಿ ಕೂರುವವರು, ಆಟೊ ಮತ್ತು ಟ್ಯಾಕ್ಸಿ ಓಡಿಸುವವರು ನಿಮ್ಮ ನಿಜವಾದ ಮಾರಾಟಗಾರರು. ಸಂಜೆ ಏನು ನೋಡಬಹುದು ಎಂದು ಅತಿಥಿ ಕೇಳುವುದು ಅವರನ್ನೇ. ಅವರಿಗೆ ಭಾಷಣದ ಕಾರ್ಯಾಗಾರ ಬೇಡ. ವರ್ಷಕ್ಕೆರಡು ಸಲ ಹಾದಿಯಲ್ಲಿ ನಡೆಸಿ, ನಾಟಕಕ್ಕೆ ಕುಟುಂಬಸಮೇತ ಪಾಸು ಕೊಡಿ.

ಹೆಜ್ಜೆ 8: ಪಂಚಾಂಗ

ಹಬ್ಬ, ಉತ್ಸವಗಳ ದಿನಾಂಕವನ್ನು ಹನ್ನೆರಡು ತಿಂಗಳು ಮೊದಲು, ಕಾರ್ಯಕ್ರಮದ ವಿವರವನ್ನು ಮೂರು ತಿಂಗಳು ಮೊದಲು ಪ್ರಕಟಿಸಿ. ಎರಡು ವಾರ ಮುಂಚೆ ಪ್ರಕಟವಾದ ಉತ್ಸವಕ್ಕೆ ಊರಿನವರೇ ಬರುತ್ತಾರೆ. ಜಪಾನಿನ ಸೆಟೊ ಒಳಗಡಲ ದ್ವೀಪಗಳ ಸೆಟೊಉಚಿ ತ್ರೈವಾರ್ಷಿಕ ಕಲಾ ಉತ್ಸವ 2010ರಲ್ಲಿ ಶುರುವಾಯಿತು. 2013ರಿಂದ ಅದನ್ನು ವಸಂತ, ಬೇಸಿಗೆ, ಶರತ್ಕಾಲ ಎಂದು ಮೂರು ಕಂತುಗಳಲ್ಲಿ ನಡೆಸುತ್ತಿದ್ದಾರೆ. ದ್ವೀಪಗಳಿಗೆ ದೋಣಿಯೇ ದಾರಿಯಾದ್ದರಿಂದ ಒಂದು ದಿನಕ್ಕೆ ಹೋಗಬಲ್ಲವರ ಸಂಖ್ಯೆಗೆ ಮಿತಿಯಿದೆ. ಕಂತು ಮಾಡಿದರೆ ಒತ್ತಡ ಹಂಚಿಹೋಗುತ್ತದೆ, ಒಮ್ಮೆ ಬಂದವರಿಗೆ ಮತ್ತೊಂದು ಋತುವಿನಲ್ಲಿ ಬರಲು ನೆಪವೂ ಸಿಗುತ್ತದೆ. ಬಯಲಿನ ಕಲೆಗೆ ಹವಾಮಾನದ ಭಯ ಇದ್ದೇ ಇದೆ. ಆ ದ್ವೀಪಗಳಲ್ಲೊಂದಾದ ನಾವೊಶಿಮಾದಲ್ಲಿ ಯಾಯೊಯ್ ಕುಸಾಮಾ ಅವರ ಹಳದಿ ಕುಂಬಳಕಾಯಿ ಶಿಲ್ಪವನ್ನು 2021ರ ಆಗಸ್ಟಿನ ಚಂಡಮಾರುತ ಸಮುದ್ರಕ್ಕೆ ಎಳೆದೊಯ್ದಿತ್ತು. ಹೊಸದನ್ನು ನಿಲ್ಲಿಸಿದ್ದು 2022ರಲ್ಲಿ. ನಿಮ್ಮ ಪೋಸ್ಟರಿನ ಮುಖವಾಗಿರುವ ಕೃತಿಯನ್ನು ಬಿಚ್ಚಿಡುವುದು ಹೇಗೆ, ಎಷ್ಟು ಜನ ಬೇಕು, ಎಷ್ಟು ಗಂಟೆ ಹಿಡಿಯುತ್ತದೆ ಎಂಬುದು ಬರಹದಲ್ಲಿರಲಿ.

ಹೆಜ್ಜೆ 9: ಜನ ಹೆಚ್ಚಾದಾಗ

2019ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ಲೇಕ್ ಎಲ್ಸಿನೋರ್ ಬಳಿಯ ವಾಕರ್ ಕಣಿವೆಯಲ್ಲಿ ಕಿತ್ತಳೆ ಬಣ್ಣದ ಪಾಪಿ ಹೂಗಳು ಬೆಟ್ಟದ ತುಂಬ ಅರಳಿದವು. ಫೋಟೊಗಳು ಹರಡಿ, ಸಣ್ಣ ನಗರಕ್ಕೆ ತಾಳಲಾರದಷ್ಟು ಜನ ನುಗ್ಗಿದರು. ಹೆದ್ದಾರಿ ಕಟ್ಟಿಕೊಂಡಿತು, ಹೂಗಳು ಕಾಲಡಿಗೆ ಸಿಕ್ಕವು, ಕಣಿವೆಯನ್ನು ತಾತ್ಕಾಲಿಕವಾಗಿ ಮುಚ್ಚಬೇಕಾಯಿತು. 2023ರಲ್ಲಿ ಹೂ ಬಂದಾಗ ಪೂರ್ತಿ ಮುಚ್ಚಿಯೇಬಿಟ್ಟರು.

ಆದ್ದರಿಂದ ಪ್ರತಿ ಹಾದಿಗೂ ಮೊದಲೇ ಒಂದು ಮಿತಿ ಬರೆದಿಡಿ. ಸಾಮಾನ್ಯವಾಗಿ ಅದನ್ನು ತೀರ್ಮಾನಿಸುವುದು ಹಾದಿಯ ಅಗಲವಲ್ಲ. ವಾಹನ ನಿಲುಗಡೆ ಮತ್ತು ಶೌಚಾಲಯ. ನಿಲುಗಡೆ ಮುಕ್ಕಾಲು ತುಂಬಿದಾಗ ಸಾಮಾಜಿಕ ಜಾಲತಾಣದಲ್ಲಿ ಬೇರೆ ಹಾದಿಯನ್ನು ಮುಂದೆ ತನ್ನಿ. ಪೂರ್ತಿ ತುಂಬಿದ ಮೇಲೆ ಹೇಳಿದರೆ ಜನ ಆಗಲೇ ರಸ್ತೆಯಲ್ಲಿರುತ್ತಾರೆ. ಸೂಕ್ಷ್ಮ ಜಾಗಗಳ ನಿಖರ ಸ್ಥಳವನ್ನು ಫೋಟೊಕ್ಕೆ ಜೋಡಿಸಬೇಡಿ, ನಗರದ ಹೆಸರು ಸಾಕು. ವೆನಿಸ್ 2024ರಲ್ಲಿ ಆಯ್ದ ದಿನಗಳಲ್ಲಿ ಹಗಲು ಬಂದುಹೋಗುವವರಿಗೆ 5 ಯೂರೊ ಶುಲ್ಕ ಹಾಕಿತು. ರಾತ್ರಿ ತಂಗುವವರಿಗೆ ವಿನಾಯಿತಿ ಕೊಟ್ಟಿತು. ಅಷ್ಟು ದೊಡ್ಡ ಊರೂ ಕಡೆಗೆ ಅದೇ ರಾತ್ರಿಯ ಲೆಕ್ಕಕ್ಕೆ ಬಂತು.

ಊರಿನವರಿಗೆ ಬೇಡವಾದದ್ದನ್ನು ಹೊರಗಿನವರಿಗೆ ಮಾರಲು ಹೋಗಬೇಡಿ. ಕೊಲಂಬಿಯಾದ ಬೊಗೊಟಾದಲ್ಲಿ 1974ರಲ್ಲಿ ಶುರುವಾದ ಸಿಕ್ಲೊವಿಯಾದಲ್ಲಿ ಭಾನುವಾರ ಬೆಳಗ್ಗೆ 7ರಿಂದ ಮಧ್ಯಾಹ್ನ 2ರವರೆಗೆ ನೂರು ಕಿಲೋಮೀಟರಿಗೂ ಮಿಕ್ಕಿದ ರಸ್ತೆಗಳು ಸೈಕಲ್ಲು, ಕಾಲ್ನಡಿಗೆಗೆ ಮೀಸಲು. ಅದು ಹುಟ್ಟಿದ್ದು ಊರವರಿಗಾಗಿ. ಪ್ರವಾಸಿಗರು ಬಂದದ್ದು ಆಮೇಲೆ.

ಹೆಜ್ಜೆ 10: ಎಣಿಕೆ

ಹಾದಿಯಲ್ಲಿ ಅವಗೆಂಪು (ಇನ್‌ಫ್ರಾರೆಡ್) ಕಿರಣದ ಎಣಿಕೆ ಯಂತ್ರ ಇಡಿ. ಜನ ಒಬ್ಬರ ಹಿಂದೆ ಒಬ್ಬರು ಹೋಗಲೇಬೇಕಾದ ಇಕ್ಕಟ್ಟಿನ ಜಾಗ ಆರಿಸಿ. ಬೆಂಚು, ಗೇಟು, ನೋಟದ ಜಾಗಗಳ ಹತ್ತಿರ ಬೇಡ, ಅಲ್ಲಿ ಒಬ್ಬನೇ ಅತ್ತಿತ್ತ ಓಡಾಡಿ ಐದಾಗುತ್ತಾನೆ. ಇಬ್ಬರು ಅಕ್ಕಪಕ್ಕ ನಡೆದರೆ ಒಂದೆಂದೂ, ಗಾಳಿಗೆ ಅಲ್ಲಾಡುವ ಕೊಂಬೆಯನ್ನು ಮನುಷ್ಯನೆಂದೂ ಎಣಿಸುತ್ತದೆ. ಹಾಗಾಗಿ ಬೇರೆ ಬೇರೆ ದಿನ ನಾಲ್ಕು ಸಲ, ಎರಡೆರಡು ಗಂಟೆ, ಯಾರಾದರೂ ಕೂತು ಕೈಯಲ್ಲಿ ಎಣಿಸಿ ಯಂತ್ರದ ಲೆಕ್ಕಕ್ಕೆ ಹೋಲಿಸಿ, ತಿದ್ದುಪಡಿಯ ಅನುಪಾತ ಕಂಡುಕೊಳ್ಳಿ. ಯಂತ್ರ 80 ಎಂದಾಗ ನೀವು 100 ಎಣಿಸಿದ್ದರೆ ಮುಂದಿನ ಅಂಕಿಗಳನ್ನೆಲ್ಲ 1.25ರಿಂದ ಗುಣಿಸಿ.

ಸಮೀಕ್ಷೆಗೆ 400 ಜನ ಸಿಕ್ಕರೆ ತಪ್ಪಿನ ಅಂತರ, ಅಂದರೆ ಉತ್ತರ ನಿಜದಿಂದ ಆಚೀಚೆ ಸರಿಯಬಹುದಾದ ಪ್ರಮಾಣ, ಸುಮಾರು ಶೇಕಡ 5. 100 ಜನರಾದರೆ ಶೇಕಡ 10. ಸುಮ್ಮನೆ ಮುಖ ನೋಡಿ ಆರಿಸದೆ, ಪ್ರತಿ ಹತ್ತನೆಯವರನ್ನು ನಿಲ್ಲಿಸಿ ಕೇಳಿ. ಪ್ರಶ್ನೆ ನಾಲ್ಕೇ: ಎಲ್ಲಿಂದ ಬಂದಿರಿ, ಎಷ್ಟು ರಾತ್ರಿ ಉಳಿಯುತ್ತೀರಿ, ಎಷ್ಟು ಖರ್ಚು ಮಾಡುತ್ತೀರಿ, ಈ ಕಾರ್ಯಕ್ರಮ ಇಲ್ಲದಿದ್ದರೂ ಬರುತ್ತಿದ್ದಿರಾ. ನಾಲ್ಕನೆಯದಕ್ಕೆ ಹೌದು ಎಂದವರ ಖರ್ಚನ್ನು ನಿಮ್ಮ ಸಾಧನೆಗೆ ಸೇರಿಸಬೇಡಿ. ಊರಿನವರ ಖರ್ಚನ್ನೂ ಬಿಡಿ, ಆ ಹಣ ಹೇಗೂ ಊರಲ್ಲೇ ತಿರುಗುತ್ತಿತ್ತು. ಉಚಿತ ಉತ್ಸವದಲ್ಲಿ ಮೂರು ದಿನವೂ ಬಂದ ಒಬ್ಬನನ್ನು ಮೂವರೆಂದು ಬರೆಯುವ ಚಾಳಿಯೂ ಬೇಡ.

ವರದಿಯ ಮೊದಲ ಪುಟದಲ್ಲಿ ಒಂದೇ ಅಂಕಿ ಇರಲಿ: ಪ್ರತಿ ಸಂದರ್ಶಕ ಸರಾಸರಿ ಉಳಿದ ರಾತ್ರಿಗಳು. ಹಿಂದಿನ ವರ್ಷದ ಅದೇ ವಾರಕ್ಕೆ ಹೋಲಿಸಿ, ಪಕ್ಕದಲ್ಲಿ ಆ ವಾರ ಮಳೆ ಬಂತೇ, ರಜೆ ಇತ್ತೇ ಎಂದು ಬರೆಯಿರಿ. ಜನ ಹೆಚ್ಚಿ ರಾತ್ರಿಗಳು ಹೆಚ್ಚದಿದ್ದರೆ ಜಾಹೀರಾತಿನ ಹಣ ಕಡಿಮೆ ಮಾಡಿ, ಮೂರನೇ ಹೆಜ್ಜೆಯ ಸಂಜೆಯ ಭಾಗಕ್ಕೆ ಹಿಂತಿರುಗಿ: ಕೊನೆಯ ಬಸ್ಸು ಎಷ್ಟು ಗಂಟೆಗೆ, ನಾಟಕ ಎಷ್ಟಕ್ಕೆ ಮುಗಿಯಿತು ಎಂದು ನೋಡಿ.